ನೆತ್ತಿಗಿಟ್ಟ ಎಣ್ಣೆ

ಕಂಪ್ಲಿಯ ಸಂತೆಗೆ ಹೋದರೆ ಚೆನ್ನಬಸಮ್ಮನ ಕಣ್ಣು ಮೊದಲು ಜನರ ತಲೆಯ ಮೇಲೆ ಬೀಳುತ್ತಿತ್ತು, ಮುಖ ನೋಡುವುದು ಆಮೇಲೆ. ಬದನೆಕಾಯಿ ಆರಿಸುವ ಹುಡುಗಿಯ ತಲೆ, ಬೈಕಿನ ಮೇಲೆ ಕಾಲಾಡಿಸುತ್ತ ಕೂತ ಹುಡುಗನ ತಲೆ, ರೈಸ್ ಮಿಲ್ಲಿನ ಹಮಾಲರ ತಲೆ. "ಇದು ನಂದು," ಅನ್ನುವಳು ಪಕ್ಕದವರಿಗೆ, ಕುಂಬಾರ ತನ್ನ ಮಡಿಕೆ ತೋರಿಸಿದ ಹಾಗೆ. "ಅದು ನಂದಲ್ಲ ನೋಡು. ಹಿಂದ ಚಪ್ಪಟಿ ಐತಿ. ಯಾರೋ ಕೈ ಬಾರದಾಕಿ ಎರದಾಳ."

ಕೂಸಿಗೆ ಎರೆಯುವುದು ಅವಳ ಕೆಲಸ. ಕಾಲು ನೀಡಿ ಮಣೆಯ ಮೇಲೆ ಕೂತು, ಎರಡು ಕಾಲಿನ ನಡುವೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಲೋಬಾನದ ಹೊಗೆ ಹಾಕಿ, ಕುಂಚಿಗೆ ಕಟ್ಟಿ ತಾಯಿಯ ಕೈಗೆ ಕೊಡುವುದು. ಮೂಗು ಎತ್ತುವುದು, ಹಣೆ ತಿದ್ದುವುದು, ತಲೆ ಗುಂಡಗೆ ಮಾಡುವುದು, ಎಲ್ಲ ಆ ಹೊತ್ತಿನಲ್ಲೇ. ಒಮ್ಮೆ ಅವಳ ಮಗ ಮಾಲತೇಶನನ್ನು ಹೆಲ್ಮೆಟ್ ಇಲ್ಲ ಅಂತ ಪೊಲೀಸು ಬಸವರಾಜ್ ಹಿಡಿದು ನಿಲ್ಲಿಸಿದ್ದ. ಬೈಕಿನ ಹಿಂದೆ ಕೂತಿದ್ದ ಚೆನ್ನಬಸಮ್ಮ ಇಳಿದು ಬಂದವಳೇ, "ಲೇ ಬಸವರಾಜ, ಮೊದಲು ನಿನ್ನ ಟೊಪಿಗಿ ತಗಿ. ಆ ತಲಿ ಗುಂಡಗಾಗಿದ್ದು ಯಾರ ಕೈಯಾಗ? ಹುಟ್ಟಿದಾಗ ಸ್ವಾರಿಕಾಯಿ ಇದ್ದಂಗ ಇತ್ತು ನಿಂದು!" ಅಂದಿದ್ದಳು. ಸುತ್ತ ನಿಂತವರೆಲ್ಲ ನಕ್ಕರು. ಬಸವರಾಜ್ ಕೂಡ ನಕ್ಕು, "ಹೋಗ್ ಯವ್ವಾ, ನೀನೊಬ್ಬಾಕಿ," ಎಂದು ಬಿಟ್ಟುಬಿಟ್ಟ.

ಅವಳ ತವರು ದರೋಜಿ. ಕಂಪ್ಲಿಗೆ ಸೊಸೆಯಾಗಿ ಬಂದಾಗ ಅವಳಿಗೆ ರೊಟ್ಟಿ ಬಡಿಯಲೂ ಸರಿಯಾಗಿ ಬರುತ್ತಿರಲಿಲ್ಲ. ಕೂಸಿಗೆ ಎರೆಯುವುದನ್ನು ಕಲಿಸಿದ್ದು ಅತ್ತೆ ಮುದುಕಮ್ಮ. ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಬೇಕು, ಬೆರಳನ್ನು ನಂಬಬಾರದು. ಬೆನ್ನಿಗೆ ಕೈ ಮೇಲಿಂದ ಕೆಳಗೆ ಹೋಗಬೇಕು, ಕೆಳಗಿಂದ ಮೇಲೆ ಅಲ್ಲ. ಇನ್ನೂ ಹೀಗೇ ಎಷ್ಟೋ. ಆದರೆ ಮುದುಕಮ್ಮ ಮತ್ತೆ ಮತ್ತೆ ಹೇಳುತ್ತಿದ್ದದ್ದು ನೆತ್ತಿಯ ಮಾತು. "ಕೂಸಿನ ನೆತ್ತಿ ಅಂದ್ರ ನಮ್ಮ ಮಾಳಿಗಿಮ್ಯಾಲಿನ ಬೆಳಕಿಂಡಿ ಇದ್ದಂಗವ್ವಾ. ಮುಚ್ಚೂ ತನಕ ನಾವು ಕಾಯಬೇಕು. ಬರೇ ನೆತ್ತೀಲೆ ಕೂಸಿನ್ನ ಗಾಳಿಗೆ ಬಿಟ್ಟಿ ಅಂದ್ರ ನೀ ಹೆಂಗಸೇ ಅಲ್ಲ." ಅದಕ್ಕೇ ಹೆಬ್ಬೆರಳಿನ ತುದಿಗೆ ಔಡಲೆಣ್ಣೆ ತೆಗೆದುಕೊಂಡು ಆ ಮೆತ್ತನೆಯ ಕುಳಿಯಲ್ಲಿ ತುಂಬುವುದು. ಎಣ್ಣೆ ಅಲ್ಲೇ ಸಣ್ಣ ಕೆರೆಯಂತೆ ನಿಲ್ಲುತ್ತದೆ. ಒಳಗೆ ನಾಡಿ ಬಡಿದ ಹಾಗೆಲ್ಲ ಅದೂ ಮೆಲ್ಲಗೆ ನಡುಗುತ್ತದೆ. ಆ ನಡುಕ ನೋಡದೆ ಚೆನ್ನಬಸಮ್ಮ ಯಾವ ಕೂಸನ್ನೂ ಕೈಯಿಂದ ಇಳಿಸಿದವಳಲ್ಲ.

ಮಾಲತೇಶ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾನೆ. ಅವನ ಹೆಂಡತಿ ಸ್ಫೂರ್ತಿ ದಾವಣಗೆರೆಯಲ್ಲಿ ಓದಿದವಳು, ಅಲ್ಲೇ ಬೆಳೆದವಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಿತ್ತು. ಅವಳಿಗೆ ತಾಯಿ ಇರಲಿಲ್ಲ. ಹಾಗಾಗಿ ಊರಿನವರ ಕೂಸುಗಳಿಗೆಲ್ಲ ಎರೆದ ಚೆನ್ನಬಸಮ್ಮನಿಗೆ ಮೊಮ್ಮಗನನ್ನು ಮೊದಲ ದಿನದಿಂದಲೂ ತನ್ನ ಕಾಲ ಮೇಲೆ ಮಲಗಿಸಿಕೊಳ್ಳುವ ಭಾಗ್ಯ ಬಂತು. ತೀರಿಹೋದ ಗಂಡನ ಹೆಸರನ್ನೇ ಇಟ್ಟರು, ಹಾಲಸ್ವಾಮಿ ಅಂತ. ಸ್ಫೂರ್ತಿಗೆ ಬೇರೆ ಹೆಸರು ಮನಸ್ಸಿನಲ್ಲಿತ್ತು, ಆದರೆ ಸುಮ್ಮನಾದಳು.

ಸ್ಫೂರ್ತಿಗೆ ಎಲ್ಲಕ್ಕೂ ಭಯ. ಕೂಸು ಸೀನಿದರೆ ಫೋನು ತೆಗೆದು ಓದುವಳು, ನಿದ್ದೆ ಹೆಚ್ಚಾದರೆ ಮೂಗಿನ ಹತ್ತಿರ ಬೆರಳು ಹಿಡಿಯುವಳು. "ನಿನ್ನ ಗಂಡಗೂ ನಾನ ಎರದೀನವ್ವಾ. ಬದುಕಿ ಟಿಪ್ಪರ್ ಹೊಡೀತಾನಲ್ಲ," ಎಂದು ಚೆನ್ನಬಸಮ್ಮ ಅವಳನ್ನು ಕಾಡಿಸುತ್ತಿದ್ದಳು.

ಕೂಸಿಗೆ ತಿಂಗಳು ತುಂಬುವ ಹೊತ್ತಿಗೆ ವಾಂತಿ ಶುರುವಾಯಿತು. ಎಲ್ಲ ಕೂಸುಗಳೂ ಕಕ್ಕುತ್ತವೆ, ಇದು ಆ ತರಹದ್ದಲ್ಲ. ಕುಡಿದ ಹಾಲೆಲ್ಲ ಪಿಚಕಾರಿ ಹೊಡೆದಂತೆ ಗೋಡೆಗೆ ಹೋಗಿ ಬೀಳುತ್ತಿತ್ತು. ಕಕ್ಕಿ ಮತ್ತೆ ಹಸಿವಿನಿಂದ ಅಳುವುದು, ಮತ್ತೆ ಕುಡಿದು ಮತ್ತೆ ಕಕ್ಕುವುದು. ಸ್ಫೂರ್ತಿ, "ಅತ್ತೆ, ಆಸ್ಪತ್ರೆಗೆ ಹೋಗೋಣ," ಎಂದಳು. ಚೆನ್ನಬಸಮ್ಮ ನೆತ್ತಿ ಮುಟ್ಟಿ ನೋಡಿದಳು. ಕುಳಿ ಆಳವಾಗಿತ್ತು. "ನೆತ್ತಿ ಬಿದ್ದೈತಿ. ಎಣ್ಣಿ ಕುಡೀತು ಅಂದ್ರ ಏಳತೈತಿ, ತಡಿ," ಎಂದಳು. ಎಣ್ಣೆ ತುಂಬಿ ಮೇಲೆ ಎಲೆ ಮುಚ್ಚಿ ಕಟ್ಟಿದಳು. ಅದಕ್ಕೂ ಮೊದಲು ಎಷ್ಟೋ ಕೂಸುಗಳಿಗೆ ಹಾಗೆ ಮಾಡಿದ್ದಳು, ಎದ್ದಿತ್ತು. ಈ ಸಲ ಒಂದು ದಿನ ಹೋಯಿತು, ಎರಡನೆಯದೂ ಹೋಯಿತು. ಕುಳಿ ಹಾಗೇ ಇತ್ತು. ಮೂರನೆಯ ದಿನ ಕೂಸಿಗೆ ಅಳಲೂ ತ್ರಾಣವಿಲ್ಲದಾದಾಗ ಮಾಲತೇಶ ಅವ್ವನ ಮಾತು ಕೇಳದೆ ಗಾಡಿ ತಂದು ನಿಲ್ಲಿಸಿದ.

ಹೊಸಪೇಟೆಗೆ ಹೋಗುವ ದಾರಿಯಲ್ಲಿ ಬುಕ್ಕಸಾಗರ ದಾಟಿತು, ಕಮಲಾಪುರದ ಬಾಳೆತೋಟಗಳು ದಾಟಿದವು. ಹಂಪಿ ನೋಡಲು ಬಂದವರು ಎಳನೀರು ಕುಡಿಯುತ್ತ ನಗುತ್ತ ನಿಂತಿದ್ದರು. ಸ್ಫೂರ್ತಿ ಯಾರನ್ನೂ ನೋಡಲಿಲ್ಲ. ಮಗನ ಮೂಗಿನ ಹತ್ತಿರ ಬೆರಳು ಹಿಡಿದೇ ಕೂತಿದ್ದಳು.

ಮಕ್ಕಳ ಆಸ್ಪತ್ರೆಯವರು ಹೇಳಿದ್ದು ಇಷ್ಟು. ಹೊಟ್ಟೆಯಿಂದ ಕರುಳಿಗೆ ಇಳಿಯುವ ಬಾಯಿ ದಪ್ಪವಾಗಿ ಮುಚ್ಚಿಕೊಂಡಿದೆ. ದೊಡ್ಡ ಆಪರೇಷನ್ ಅಲ್ಲ. ಆದರೆ ಮೈಯಲ್ಲಿ ನೀರೇ ಇಲ್ಲ. ಮೊದಲು ಡ್ರಿಪ್ ಹಾಕಿ ಮಗುವನ್ನು ಒಂದು ಸ್ಥಿತಿಗೆ ತರಬೇಕು, ಆಮೇಲೆ ಕೊಯ್ಯುವುದು.

ಆಪರೇಷನ್ನಿನ ಹಿಂದಿನ ದಿನ ಮಂಪರು ಕೊಡುವ ಡಾಕ್ಟರು ಬಂದರು. ಮನೋಹರ್ ಅಂತ ಹೆಸರು, ತೆಳ್ಳಗಿನ ಮನುಷ್ಯ, ಮೆತ್ತನೆಯ ಮಾತು. ಕೈಯಲ್ಲಿ ಬಣ್ಣದ ಪಟ್ಟಿಯೊಂದಿತ್ತು, ಅದರ ಬಾಲಕ್ಕೆ ವೈರು.

"ದೊಡ್ಡವರಿಗೆ ಮಂಪರು ಕೊಟ್ಟು ಎಬ್ಬಿಸಿದರೆ ತಲೆ ನೋಯುತ್ತೆ, ಕಣ್ಣು ಮಂಜು ಅಂತ ಅವರೇ ಹೇಳ್ತಾರೆ," ಎಂದರು ಸ್ಫೂರ್ತಿಗೆ. "ಇಷ್ಟು ಸಣ್ಣವರು ಏನೂ ಹೇಳಲ್ಲ. ಒಳಗೆ ಬಿಪಿ ಸ್ವಲ್ಪ ಇಳಿದರೂ ಮೆದುಳಿಗೆ ರಕ್ತ ಕಡಿಮೆ ಆಗಬಹುದು. ಮುಖ ನೋಡಿದರೆ ಹಾಯಾಗಿ ಮಲಗಿರೋ ಹಾಗೇ ಇರುತ್ತೆ. ಅದಕ್ಕೇ ಇದನ್ನ ಹಣೆಗೆ ಅಂಟಿಸ್ತೀವಿ. ಇದು ಒಳಗೆ ಬೆಳಕು ಬಿಟ್ಟು, ಮೆದುಳಿಗೆ ಎಷ್ಟು ಆಮ್ಲಜನಕ ಸಿಗ್ತಿದೆ ಅಂತ ಪರದೆ ಮೇಲೆ ತೋರಿಸುತ್ತೆ."

ವೈರನ್ನು ಜೊತೆಗೆ ತಂದಿದ್ದ ಮಷೀನಿಗೆ ಸಿಕ್ಕಿಸಿ ಪಟ್ಟಿಯನ್ನು ತಮ್ಮ ಅಂಗೈಗೆ ಒತ್ತಿ ತೋರಿಸಿದರು. ಚರ್ಮದ ಕೆಳಗೆ ಕೆಂಪಗೆ ಬೆಳಗಿತು. ಚೆನ್ನಬಸಮ್ಮನಿಗೆ ಮುದುಕಮ್ಮನ ಬೆಳಕಿಂಡಿ ನೆನಪಾಯಿತು. ಇವರೂ ಅದನ್ನೇ ಕಾಯುವವರು ಎಂದುಕೊಂಡಳು. ಮನಸ್ಸು ಸ್ವಲ್ಪ ಹಗುರವಾಯಿತು.

"ನಾಳೆ ಹಣೆ ಒಣಗಿರಬೇಕು," ಎಂದರು ಡಾಕ್ಟರು. "ಎಣ್ಣೆ, ಪೌಡರು, ಏನೂ ಬೇಡ."

"ವಿಭೂತೀನೂ ಬ್ಯಾಡೇನ್ರಿ?"

"ಆಪರೇಷನ್ ಆದ ಮೇಲೆ ಎಷ್ಟು ಬೇಕಾದರೂ ಹಚ್ಚಿ, ಅಜ್ಜಿ."

ಅವರು ಹೋದ ಮೇಲೆ ಸ್ಫೂರ್ತಿ ಅತ್ತೆಯ ಕಡೆ ತಿರುಗಿದಳು. "ಕೇಳಿಸಿಕೊಂಡ್ರಾ ಅತ್ತೆ? ಎಣ್ಣೆ ಬೇಡ."

"ನಂಗೇನು ಕಿವಿ ಇಲ್ಲೇನವ್ವಾ?" ಎಂದಳು ಚೆನ್ನಬಸಮ್ಮ.

ಬೆಳಿಗ್ಗೆ ಸ್ಫೂರ್ತಿ ಮುಖ ತೊಳೆಯಲು ಹೋದಳು. ಮಾಲತೇಶ ಚಹಾ ತರಲು ಕೆಳಗಿಳಿದಿದ್ದ. ಕೂಸು ಅಜ್ಜಿಯ ತೊಡೆಯ ಮೇಲಿತ್ತು. ಡ್ರಿಪ್ಪಿನಿಂದ ನೆತ್ತಿ ಒಂದಿಷ್ಟು ಎದ್ದಿತ್ತು. ಅವಳ ಹೆಬ್ಬೆರಳು ಅಲ್ಲೇ ಇತ್ತು, ತೆಗೆಯಲು ಆಗುತ್ತಿರಲಿಲ್ಲ. ವಾರ್ಡಿನ ಎ.ಸಿ. ಗಾಳಿ ನೇರ ತಲೆಯ ಮೇಲೆ ಬೀಳುತ್ತಿತ್ತು. ಇಲ್ಲೇ ಹೀಗಿದ್ದರೆ ಒಳಗಿನ ಕೋಣೆ ಎಷ್ಟು ತಣ್ಣಗಿರಬೇಕು? ತಾಯಿಯ ಎದೆ ಇಲ್ಲ, ಕುಂಚಿಗೆ ಇಲ್ಲ, ಬರೀ ನೆತ್ತಿ. ಡಾಕ್ಟರು ಹಣೆ ಅಂದರು. ಹಣೆ ಬೇರೆ, ನೆತ್ತಿ ಬೇರೆ. ಅದು ಅವಳಿಗೆ ಗೊತ್ತಿದ್ದಷ್ಟು ಯಾರಿಗೆ ಗೊತ್ತು? ಕೂಸಿನ ಬಟ್ಟೆಯ ಚೀಲದಿಂದ ಸಣ್ಣ ಎಣ್ಣೆ ಸೀಸೆ ತೆಗೆದಳು. ಒಂದೇ ಹೆಬ್ಬೆರಳಿನಷ್ಟು. ಕುಳಿಯಲ್ಲಿ ಇಟ್ಟಳು. ಹಣೆಗೆ ಒಂದು ಹನಿಯೂ ತಾಗದ ಹಾಗೆ ಸೆರಗಿನಿಂದ ಸುತ್ತ ಒರೆಸಿದಳು. ಎಣ್ಣೆ ನಡುಗಿತು. ಅದನ್ನು ನೋಡಿ ಕುಂಚಿಗೆ ಕಟ್ಟಿದಳು.

ಸ್ಫೂರ್ತಿ ಬಂದು ಮಗನನ್ನು ಎತ್ತಿಕೊಂಡು, ಆಪರೇಷನ್ ಕೋಣೆಯ ಬಾಗಿಲ ತನಕ ಹೋಗಿ ನರ್ಸ್ ಕೈಗೆ ಕೊಟ್ಟಳು.

ಹೊರಗೆ ಮೂವರೂ ಉಕ್ಕಿನ ಕುರ್ಚಿಗಳಲ್ಲಿ ಕೂತರು. ಮಾಲತೇಶ ತಂದ ಚಹಾ ಹಾಗೇ ಆರಿತು. ಆ ಬಾಗಿಲು ತೆರೆಯಿತು. ಹಸಿರು ಬಟ್ಟೆಯ ಟೆಕ್ನಿಷಿಯನ್ ರಾಮಾಂಜಿನಿ ಹೊರಗೆ ಬಂದ. ಕೈಯಲ್ಲಿ ಹತ್ತಿಬಟ್ಟೆಯ ತುಂಡಿತ್ತು, ಹಳದಿಯಾಗಿ ಜಿಡ್ಡು ಹೀರಿದ್ದು.

"ಕೂಸಿನ ತಲಿಗೆ ಎಣ್ಣಿ ಯಾರ್ರಿ ಹಚ್ಚಿದ್ದು?"

"ಯಾರೂ ಹಚ್ಚಿಲ್ಲ," ಎಂದಳು ಸ್ಫೂರ್ತಿ. ಅಂದವಳೇ ಅತ್ತೆಯ ಮುಖ ನೋಡಿದಳು.

"ನೆತ್ತಿಗೆ ಇಟ್ಟೀನಪ್ಪ," ಎಂದಳು ಚೆನ್ನಬಸಮ್ಮ. "ಹಣಿಗೆ ಹಚ್ಚಿಲ್ಲ. ದೇವರಾಣೆ ಹಚ್ಚಿಲ್ಲ."

"ಬಾಯಿಗೆ ಏನಾರ ಹಾಕೀರೇನು? ಖರೇ ಹೇಳ್ರಿ, ಡಾಕ್ಟ್ರು ಕೇಳಾಕತ್ಯಾರ."

"ಇಲ್ಲಪ್ಪ. ಬರೇ ಔಡಲೆಣ್ಣಿ. ಬರೇ ನೆತ್ತಿಗೆ."

ಅವನು ಒಳಗೆ ಹೋದ. ಸ್ಫೂರ್ತಿ ಎದ್ದು ಹೋಗಿ, ಬಾಗಿಲಿನ ಹತ್ತಿರ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು.

ಮುಗಿದ ಮೇಲೆ ಡಾಕ್ಟರ್ ಮನೋಹರ್ ತಾವೇ ಬಂದು ಎಲ್ಲ ಹೇಳಿದರು. ಹೊಟ್ಟೆಯ ಕೆಲಸ ಚೆನ್ನಾಗಿ ಆಗಿದೆ. ಹಣೆಯನ್ನು ಸ್ಪಿರಿಟ್‌ನಿಂದ ಒರೆಸಿಯೇ ಪಟ್ಟಿ ಅಂಟಿಸಿದ್ದರು, ಮೊದಮೊದಲು ಅಂಕಿ ಸರಿಯಾಗಿಯೇ ಬರುತ್ತಿತ್ತು. ಮಗು ತಣ್ಣಗಾಗಬಾರದೆಂದು ಬಿಸಿಗಾಳಿ ಬಿಟ್ಟಿರುತ್ತಾರೆ. ಆ ಬಿಸಿಗೆ ನೆತ್ತಿಯ ಎಣ್ಣೆ ಇಳಿದು ಪಟ್ಟಿಯ ಕೆಳಗೆ ಹರಿದು, ಪಟ್ಟಿ ಅಂಟು ಬಿಟ್ಟು ಎದ್ದಿತು. ಮೇಲೆಲ್ಲ ಬಟ್ಟೆ ಹೊದಿಸಿ ಕೊಯ್ಯುತ್ತಿರುವಾಗ ಮತ್ತೆ ಒರೆಸಿ ಅಂಟಿಸಲು ಹೊತ್ತು ಹಿಡಿಯಿತು. ಆ ನಡುವೆಯೇ ಒಮ್ಮೆ ಬಿಪಿ ಇಳಿದಿತ್ತು. ಔಷಧಿ ಕೊಟ್ಟು ಏರಿಸಿದರು.

"ಮೆದುಳಿಗೆ ಆಗ ಎಷ್ಟು ಕಡಿಮೆ ಆಯ್ತು ಅನ್ನೋದು ನಮಗೆ ಕಾಣಲಿಲ್ಲ," ಎಂದರು. "ಏನೂ ಆಗದೇ ಇರಬಹುದು. ಮಗು ಬೆಳೀತಾ ನೋಡಬೇಕು."

ಅವರು ಹೋದ ಮೇಲೆ ಮಾಲತೇಶ, "ಏನೂ ಆಗಿಲ್ಲ ಅಂದ್ರಲ್ಲ, ಬಿಡು," ಎಂದ.

"ಏನೂ ಆಗಿಲ್ಲ ಅನ್ನಲಿಲ್ಲ," ಎಂದಳು ಸ್ಫೂರ್ತಿ. "ಕಾಣಲಿಲ್ಲ ಅಂದ್ರು."

ಕಂಪ್ಲಿಗೆ ಬಂದ ಮೇಲೆ ಅವಳು ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಬಸಮ್ಮನಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಮಗನ ಸ್ನಾನವನ್ನು ಸ್ಫೂರ್ತಿಯೇ ಮಾಡಿಸತೊಡಗಿದಳು. ಪ್ಲಾಸ್ಟಿಕ್ ಟಬ್ಬು, ಸೀಸೆಯ ಸೋಪು, ಮೆತ್ತನೆಯ ಟವೆಲು. ಬಚ್ಚಲಮನೆಯ ಹಂಡೆ ಮೂಲೆ ಸೇರಿತು. ಚೆನ್ನಬಸಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನೀರಿನ ಸದ್ದು ಕೇಳುವಳು.

ಹಾಲು ಈಗ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಕೂಸಿನ ಗಲ್ಲ ತುಂಬಿ ಬಂತು. ಓಣಿಯ ಹೆಂಗಸರು ಬಂದು, "ಹಾಲಸ್ವಾಮಿ ದುಂಡಗಾಗ್ಯಾನಲ್ಲವ್ವಾ, ಇನ್ನೇನು," ಎಂದು ನೆಟಿಗೆ ಮುರಿದು ಹೋದರು. ಚೆನ್ನಬಸಮ್ಮನೂ ನಂಬಿದ್ದಳು. ಆದರೆ ಕೂಸು ನಗಲಿಲ್ಲ. ಇವತ್ತು ನಕ್ಕೀತು, ನಾಳೆ ನಕ್ಕೀತು ಅಂತ ಇಬ್ಬರೂ ಕಾದರು, ಒಬ್ಬರಿಗೊಬ್ಬರು ಹೇಳದೆ. ಸ್ಫೂರ್ತಿ ಹಿತ್ತಲಿಗೆ ಹೋದಾಗ ಚೆನ್ನಬಸಮ್ಮ ತೊಟ್ಟಿಲ ಹತ್ತಿರ ಬಂದು ಬಳೆ ಆಡಿಸುವಳು. ಕೂಸು ಮಾಳಿಗೆಯ ತೊಲೆ ನೋಡುತ್ತಿತ್ತು. ಒಂದು ಸಂಜೆ ದೇವರ ಮುಂದಿನ ಆರತಿಯನ್ನು ತಂದು ಅದರ ಕಣ್ಣ ಮುಂದೆ ಆಚೆ ಈಚೆ ಆಡಿಸಿದಳು. ಅವಳು ಎರೆದ ಕೂಸುಗಳೆಲ್ಲ ಆ ವಯಸ್ಸಿಗೆ ದೀಪದ ಹಿಂದೆ ಕಣ್ಣು ಓಡಿಸಿದ್ದವು. ಇದರ ಕಣ್ಣು ಓಡಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಸ್ಫೂರ್ತಿ ನಿಂತಿದ್ದಳು.

"ನಾನೂ ಮಾಡಿ ನೋಡಿದೀನಿ ಅತ್ತೆ," ಎಂದಳು. "ಟಾರ್ಚ್ ಹಾಕಿ."

ಆಮೇಲೆ ರೆಪ್ಪೆ ಪಟಪಟ ಬಡಿದು ಕೈಕಾಲು ಸೆಟೆಯುವುದು ಶುರುವಾಯಿತು. ಮತ್ತೆ ಹೊಸಪೇಟೆ, ತಲೆಯ ಸ್ಕ್ಯಾನು, ಟೇಪಿನಲ್ಲಿ ತಲೆಯ ಅಳತೆ. ಮೆದುಳಿಗೆ ಪೆಟ್ಟಾಗಿದೆ, ಫಿಟ್ಸಿಗೆ ಔಷಧಿ ಕೊಡುತ್ತೇವೆ, ಕೈಕಾಲಿಗೆ ವ್ಯಾಯಾಮ ಮಾಡಿಸಿ ಎಂದರು. ವಾಸಿಯಾಗುತ್ತದೆ ಅನ್ನುವ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಅವತ್ತು ಚೆನ್ನಬಸಮ್ಮ ಒಬ್ಬಳೇ ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಿಂತಿದ್ದು, ಡಾಕ್ಟರ್ ಮನೋಹರ್ ಇಳಿದು ಬರುವಾಗ ಕೈ ಅಡ್ಡ ಹಿಡಿದು ನಿಲ್ಲಿಸಿದಳು.

"ಸಾಹೇಬ್ರ, ನನ್ನ ಎಣ್ಣಿಯಿಂದ ಆತೇನ್ರಿ?"

ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಅವಳೂ ಕೂತಳು.

"ಅಜ್ಜಿ, ಮಗು ಬಂದಾಗಲೇ ಭಾಳ ಸೋತಿತ್ತು. ಆ ಮೂರು ದಿನದಲ್ಲೇ ಏನಾದರೂ ಆಗಿರಬಹುದು. ಮಂಪರಿನಲ್ಲಿ ಬಿಪಿ ಇಳಿದಾಗ ಆಗಿರಬಹುದು. ಪಟ್ಟಿ ಅಂಟಿದ್ದಿದ್ದರೆ ನಾನು ಇನ್ನೂ ಬೇಗ ನೋಡ್ತಿದ್ದೆನೋ ಏನೋ. ನೋಡಿದ್ದರೂ ತಪ್ಪಿಸೋಕೆ ಆಗ್ತಿತ್ತೋ ಇಲ್ಲವೋ."

"ಹೌದು ಅಂದುಬಿಡ್ರಿ ಸಾಹೇಬ್ರ. ನಿಮ್ಮ ಕಾಲಿಗೆ ಬೀಳ್ತೀನಿ. ನಂದ ತಪ್ಪು ಅಂದುಬಿಡ್ರಿ."

"ಹೌದು ಅನ್ನೋಕೆ ನನಗೆ ಗೊತ್ತಿಲ್ಲ, ಅಜ್ಜಿ. ಅಲ್ಲ ಅನ್ನೋಕೂ ಗೊತ್ತಿಲ್ಲ."

ಆ ಮೂರು ದಿನದಲ್ಲೂ ಎಣ್ಣೆ ಇಟ್ಟದ್ದು ಅವಳ ಕೈಯೇ. ಮನೆಯಲ್ಲೂ ಅವಳ ಹೆಬ್ಬೆರಳೇ, ಆಪರೇಷನ್ನಿನ ಒಳಗೂ ಅವಳ ಹೆಬ್ಬೆರಳೇ. ಅದನ್ನು ಡಾಕ್ಟರು ಅನ್ನಲಿಲ್ಲ. ಅವಳೇ ವಾಪಸು ಬರುವಾಗ, ಕಮಲಾಪುರದ ಕೆರೆಯ ನೀರು ಕಿಟಕಿಯಲ್ಲಿ ಹಿಂದೆ ಸರಿಯುವುದನ್ನು ನೋಡುತ್ತ ಅಂದುಕೊಂಡಳು.

ಊರಲ್ಲಿ ಯಾರೂ ಅವಳನ್ನು ಕರೆಯುವುದು ಬಿಡಲಿಲ್ಲ. ಮೊಮ್ಮಗನದು ಹಣೆಬರಹ ಅಂದರು. ನಿನ್ನ ಕೈಯಿಂದಲೇ ಆಯಿತು ಅಂತ ಯಾರಾದರೂ ಜೋರಾಗಿ ಅನ್ನಲಿ ಎಂದು ಅವಳು ಕಾದಳು, ಯಾರೂ ಎದುರಿಗೆ ಅನ್ನಲಿಲ್ಲ. ಓಣಿಯ ತುಳಸಿ ಹೆತ್ತಾಗ ಎರೆಯಲು ಹೋದಳು. ಎಲ್ಲ ಮಾಡಿದಳು, ನೆತ್ತಿಯ ಹತ್ತಿರ ಬಂದು ಕೈ ನಿಂತಿತು.

"ಯಾಕ ಚೆನ್ನಬಸಕ್ಕ, ನೆತ್ತಿಗೆ ಎಣ್ಣಿ ಇಡಲ್ಲೇನು?" ಎಂದಳು ತುಳಸಿ.

"ನೀನ ಇಡವ್ವಾ."

"ನಂಗೆಲ್ಲಿ ಬರತೈತಿ? ಊರಿಗೆಲ್ಲಾ ಇಟ್ಟಾಕಿ, ನನ್ನ ಕೂಸಿಗ್ಯಾಕ ವನವಾಸ?"

ಚೆನ್ನಬಸಮ್ಮ ಎಣ್ಣೆಯಲ್ಲಿ ಅದ್ದಿದ ಬೆರಳನ್ನು ತನ್ನ ಸೀರೆಗೆ ಒರೆಸಿಕೊಂಡು, ಕೂಸನ್ನು ಕೊಟ್ಟು ಎದ್ದಳು. ಮರುದಿನ ಮೊಣಕಾಲು ನೋವು ಎಂದು ಹೇಳಿ ಕಳಿಸಿದಳು. ಆಮೇಲೆ ಯಾರು ಕರೆದರೂ ಅದೇ ಮೊಣಕಾಲು. ಸಂತೆಗೆ ಹೋಗುವುದನ್ನೂ ಬಿಟ್ಟಳು. ಅಷ್ಟೊಂದು ತಲೆಗಳ ನಡುವೆ ನಡೆಯುವುದು ಅವಳಿಂದ ಆಗದಾಯಿತು.

ಹಾಲಸ್ವಾಮಿಗೆ ಇನ್ನೇನು ವರ್ಷ ತುಂಬಬೇಕು. ಕತ್ತು ನಿಂತಿಲ್ಲ. ಸ್ಫೂರ್ತಿಗೆ ಈಗ ಭಯವಿಲ್ಲ. ಕೂಸು ಸೀನಿದರೂ, ಸೆಟೆದರೂ, ಫೋನು ಹಿಡಿದು ಓದುವುದಿಲ್ಲ. ಔಷಧಿಯ ಹೊತ್ತಿಗೆ ಔಷಧಿ ಹಾಕುತ್ತಾಳೆ. ಅವಳು ಹಿಂದಿನಂತೆ ಒಮ್ಮೆ ಹೆದರಲಿ ಎಂದು ಚೆನ್ನಬಸಮ್ಮ ಒಳಗೊಳಗೇ ಬೇಡಿಕೊಂಡದ್ದುಂಟು.

ಒಂದು ಬೆಳಿಗ್ಗೆ ಸ್ಫೂರ್ತಿ ಟಬ್ಬಿನ ಮುಂದೆ ಸುಮ್ಮನೆ ಕೂತಿದ್ದಳು. ಸೊಂಟ ಹಿಡಿದಿತ್ತೋ, ಮನಸ್ಸೇ ಹಿಡಿದಿತ್ತೋ. ಮಗನನ್ನು ಎತ್ತಿಕೊಂಡು ಅಡುಗೆಮನೆಯ ಹೊಸ್ತಿಲಿಗೆ ಬಂದಳು.

"ಅತ್ತೆ, ಇವತ್ತು ನೀವೇ ಎರೀರಿ."

ಚೆನ್ನಬಸಮ್ಮ ಅವಳ ಮುಖ ನೋಡಿದಳು. ಅಲ್ಲಿ ಕ್ಷಮೆಯಂಥದ್ದೇನೂ ಇರಲಿಲ್ಲ. ಸಿಟ್ಟೂ ಇರಲಿಲ್ಲ.

"ಎಣ್ಣಿ?" ಎಂದಳು.

"ಹಚ್ಚಿ ಅತ್ತೆ. ಇನ್ನೇನಾಗೋದಿದೆ."

ಹಂಡೆ ಮತ್ತೆ ಒಲೆಗೇರಿತು. ಚೆನ್ನಬಸಮ್ಮ ಮಣೆಯ ಮೇಲೆ ಕಾಲು ನೀಡಿ ಕೂತಳು. ಕೂಸಿನ ತಲೆ ಅವಳ ಪಾದಗಳ ನಡುವೆ ಬಂದು ಕೂತಿತು. ಮೊದಲು ನೀರು ಬಿದ್ದರೆ ಓಣಿಯೆಲ್ಲ ಕೇಳುವಂತೆ ಕಿರುಚುತ್ತಿದ್ದ. ಈಗ ಸುಮ್ಮನಿದ್ದ. ಎದೆ ತಿಕ್ಕಿದಳು, ಬಿಗಿದ ತೊಡೆಗಳನ್ನು ಮೆಲ್ಲಗೆ ಸಡಿಲಿಸಿದಳು, ಮುಚ್ಚಿದ ಮುಷ್ಟಿ ಬಿಡಿಸಿದಳು. ಕೊನೆಗೆ ಹೆಬ್ಬೆರಳಿಗೆ ಎಣ್ಣೆ ತೆಗೆದುಕೊಂಡು ನೆತ್ತಿಗೆ ಇಟ್ಟಳು.

ಕುಳಿ ಇರಲಿಲ್ಲ.

ಬೆರಳು ಸರಿಸಿ ಮುಂದೆ ಹುಡುಕಿದಳು, ಹಿಂದೆ ಹುಡುಕಿದಳು. ಎಲ್ಲೆಲ್ಲೂ ಗಟ್ಟಿ ಎಲುಬು. ಅವಳು ಎರೆದ ಕೂಸುಗಳಿಗೆ ನಡೆಯಲು ಕಲಿತ ಮೇಲೂ ಅಲ್ಲೊಂದು ಮೆತ್ತನೆಯ ಜಾಗ ಉಳಿದಿರುತ್ತಿತ್ತು. ಇವನದು ಆಗಲೇ ಮುಚ್ಚಿತ್ತು. ಪ್ರತಿ ಸಲ ಡಾಕ್ಟರು ಟೇಪು ಹಿಡಿದು ಅಳೆದು ತಲೆ ಬೆಳೀತಿಲ್ಲ ಎಂದಾಗ ಅವಳಿಗೆ ಸರಿಯಾಗಿ ಅರ್ಥವಾಗಿರಲಿಲ್ಲ. ಈಗ ಆಯಿತು. ಒಳಗೆ ಬೆಳೆಯುವುದೇನೂ ಇಲ್ಲವೆಂದು ಮನೆ ತಾನಾಗಿಯೇ ಬೆಳಕಿಂಡಿ ಮುಚ್ಚಿಕೊಂಡಿತ್ತು.

ಇಟ್ಟ ಎಣ್ಣೆ ನಿಲ್ಲಲು ಜಾಗವಿಲ್ಲದೆ ಜಾರಿ, ಹಣೆಯ ಮೇಲೆ ಹಾದು, ಹುಬ್ಬಿನ ತನಕ ಬಂತು. ಕಣ್ಣಿಗೆ ಇಳಿಯುವ ಮೊದಲು ಅವಳು ಅದನ್ನು ಅಂಗೈಯಲ್ಲಿ ತಡೆದಳು. ಕೂಸು ರೆಪ್ಪೆ ಬಡಿಯಲಿಲ್ಲ.

ಹಿಂದೆ ತಂಬಿಗೆ ಹಿಡಿದು ನಿಂತಿದ್ದ ಸ್ಫೂರ್ತಿ, "ಯಾಕತ್ತೆ, ನಿಲ್ಲಿಸಿದ್ರಿ?" ಎಂದಳು.

ಚೆನ್ನಬಸಮ್ಮ ಮೊಣಕೈಯನ್ನು ನೀರಿಗೆ ಅದ್ದಿದಳು. ನೀರು ಹದವಾಗಿಯೇ ಇತ್ತು.

"ಸುಡಾಕತ್ತೈತವ್ವಾ," ಎಂದಳು. "ಒಂದ್ ತಂಬಿಗಿ ತಣ್ಣೀರು ಹಾಕು."